ಸೈರನ್ ಕೂಗುವವರೆಗೆ ಕಾಯಬೇಡಿ

ಏಪ್ರಿಲ್ ಬಂತೆಂದರೆ ಅಲಬಾಮಾದ ನಮ್ಮ ಪುಟ್ಟ ಪಟ್ಟಣದಲ್ಲಿ ಎಲ್ಲರ ಕಣ್ಣೂ ಆಕಾಶದ ಮೇಲೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಧಗೆ, ಆಮೇಲೆ ಕರಿಮೋಡ. ಸುಂಟರಗಾಳಿಯ ಸೈರನ್ ಕೂಗುತ್ತದೆ. ಬಹಳ ಸಲ ಏನೂ ಆಗುವುದಿಲ್ಲ.

ಅದಕ್ಕೇ ವರ್ಡೆಲ್ ಸೈರನ್‌ಗೆ ಕಿವಿಗೊಡುವುದನ್ನು ಬಿಟ್ಟಿದ್ದರು. ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಕಣ್ಣು ಮಂಜಾದ ಮೇಲೆ ಕಾರು ಓಡಿಸುತ್ತಿರಲಿಲ್ಲ. ಹೆಂಡತಿ ಅರ್ನೆಸ್ಟೀನ್‌ಗೆ ಮಂಡಿನೋವು, ಕೋಲಿಲ್ಲದೆ ಹೆಜ್ಜೆ ಇಡಲಾರರು. ಇಬ್ಬರೂ ಇದ್ದದ್ದು ಎಳೆದು ತಂದು ನಿಲ್ಲಿಸಿದ, ಅಡಿಪಾಯವಿಲ್ಲದ, ಜೋರು ಗಾಳಿಗೆ ಮಗುಚುವಂಥ ಟ್ರೇಲರ್ ಮನೆಯಲ್ಲಿ.

ಪಕ್ಕದ ಮನೆಯ ಒಡೆಟ್ಟಾ ಶಾಲಾ ಬಸ್ಸಿನ ಡ್ರೈವರ್. ಹವಾಮಾನ ತರಬೇತಿಗೆ ಹೋಗಿ ಬಂದಿದ್ದರು. ಒಂದು ಭಾನುವಾರ ಗಂಡಹೆಂಡಿರ ಜೊತೆ ಕೂತು ಬಿಡಿಸಿ ಹೇಳಿದರು: ರೇಡಿಯೋದಲ್ಲಿ ಎರಡು ಸುದ್ದಿ ಬರುತ್ತವೆ. ಮೊದಲನೆಯದು ‘ಸುಂಟರಗಾಳಿ ಏಳಬಹುದು’. ಎರಡನೆಯದು ‘ಎದ್ದಿದೆ, ಈಗಲೇ ಅಡಗಿ’. ಟ್ರೇಲರಿನಲ್ಲಿರುವವರು ಮೊದಲನೆಯದಕ್ಕೇ ಚರ್ಚಿನ ನೆಲಮಾಳಿಗೆಗೆ ಹೊರಡಬೇಕು.

“ನೋಡಮ್ಮ, ಮೂವತ್ತು ವರ್ಷದಿಂದ ಇಲ್ಲೇ ಇದೀನಿ. ನನಗೇನೂ ಆಗಿಲ್ಲ,” ಎಂದರು ವರ್ಡೆಲ್.

“ಇರಲಿ ಅಣ್ಣ. ಅಕ್ಕ ಚರ್ಚಿನ ನೆಲಮಾಳಿಗೆವರೆಗೆ ನಡೆಯೋಕೆ ಎಷ್ಟು ಹೊತ್ತು ಬೇಕು, ಯಾವತ್ತಾದ್ರೂ ನೋಡಿದೀರಾ?”

ನೋಡಿರಲಿಲ್ಲ. ಮೂವರೂ ನಡೆದು ನೋಡಿದರು. ಹದಿನೇಳು ನಿಮಿಷ ಹಿಡಿಯಿತು. ಸೈರನ್ ಕೂಗಿದ ಮೇಲೆ ಕೆಲವು ಸಲ ಹತ್ತು ನಿಮಿಷವೂ ಸಿಗುವುದಿಲ್ಲ ಎಂದರು ಒಡೆಟ್ಟಾ. ವರ್ಡೆಲ್ ಬೇರೆ ಮಾತು ತೆಗೆದರು.

ಹತ್ತು ದಿನದ ಮೇಲೆ, ಬುಧವಾರ ಮಧ್ಯಾಹ್ನ, ರೇಡಿಯೋದಲ್ಲಿ ಮೊದಲ ಸುದ್ದಿ ಬಂತು. ಒಡೆಟ್ಟಾ ಶಾಲೆಯಲ್ಲಿದ್ದರು. ಒಲೆ ಮೇಲೆ ಬೀನ್ಸ್ ಬೇಯುತ್ತಿತ್ತು. ಊಟ ಮುಗಿಸಿ ನೋಡೋಣ ಎಂದರು ವರ್ಡೆಲ್. ಅರ್ನೆಸ್ಟೀನ್ ಒಲೆ ಆರಿಸಿ, ಮಾತ್ರೆಯ ಚೀಲ ತಗೊಂಡು ಎದ್ದರು.

“ರೀ, ನೀವು ಓಡಿ ಬರಬಲ್ಲಿರಿ. ನನಗಾಗಲ್ಲ. ನಾನು ಹೊರಟೆ.”

ವರ್ಡೆಲ್ ಬಾಗಿಲಲ್ಲಿ ನಿಂತು ನೋಡಿದರು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆಕಾಶ ಸುಂಟರಗಾಳಿಗೆ ಮುಂಚೆ ಕೆಲವು ಸಲ ಆಗುವಂತೆ ಹಸಿರಾಗಿತ್ತು. ಹೆಂಡತಿ ಒಬ್ಬಳೇ ಕುಂಟುತ್ತಾ ಹೋಗುವುದನ್ನು ನೋಡಲಾಗದೆ ಹಿಂದೆಯೇ ಹೊರಟರು.

ನೆಲಮಾಳಿಗೆಯಲ್ಲಿ ಒಂದು ಗಂಟೆ ಕಳೆಯಿತು. ಏನೂ ಇಲ್ಲ. ವರ್ಡೆಲ್ ಮನೆಗೆ ಹೋಗಲು ಎದ್ದಾಗ ಅರ್ನೆಸ್ಟೀನ್ ತೋಳು ಹಿಡಿದು ಕೂರಿಸಿದರು. ಆಗ ಸೈರನ್ ಕೂಗಿತು. ಎಂಟೇ ನಿಮಿಷದಲ್ಲಿ ಸುಂಟರಗಾಳಿ ಬಂದೇಬಿಟ್ಟಿತು. ದೀಪ ಹೋಯಿತು, ಕಿವಿ ಕಟ್ಟಿತು, ಮೇಲಿಂದ ಮಣ್ಣು ಉದುರಿತು. ಕತ್ತಲಲ್ಲಿ ಯಾರೋ ಪ್ರಾರ್ಥನೆ ಶುರುಮಾಡಿದರು, ಗಾಳಿಯ ಅಬ್ಬರದಲ್ಲಿ ಮುಗಿಸಲಾಗಲಿಲ್ಲ.

ಹೊರಗೆ ಬಂದಾಗ ಟ್ರೇಲರ್ ರಸ್ತೆಯಾಚೆ ಹೊಲದಲ್ಲಿ ಮಗುಚಿ ಬಿದ್ದಿತ್ತು. ಬಸ್ಸಿನ ಮಕ್ಕಳನ್ನು ಶಾಲೆಯ ಟೀಚರ್‌ಗಳಿಗೆ ಕ್ಷೇಮವಾಗಿ ಒಪ್ಪಿಸಿ ಓಡಿ ಬಂದ ಒಡೆಟ್ಟಾ, ಟ್ರೇಲರ್ ಇದ್ದ ಖಾಲಿ ಜಾಗ ನೋಡಿ ಇಬ್ಬರ ಹೆಸರನ್ನೂ ಕೂಗಿದರು. ಬೆನ್ನ ಹಿಂದೆ ವರ್ಡೆಲ್ ದನಿ ಕೇಳಿಸಿತು.

“ಇಲ್ಲೇ ಇದೀವಿ ಕಣಮ್ಮ. ಬೈಯೋದಿದ್ರೆ ಬೈದುಬಿಡು.”

ಒಡೆಟ್ಟಾ ಬೈಯಲಿಲ್ಲ. ಇಬ್ಬರನ್ನೂ ತಬ್ಬಿಕೊಂಡು ಅತ್ತರು.

ಓದುವವರೇ, ನಮ್ಮೂರಲ್ಲಿ ಟ್ರೇಲರ್ ಮನೆಗಳು ಇನ್ನೂ ಎಷ್ಟೋ ಇವೆ. ನಿಮ್ಮದೂ ಅಂಥದೇ ಆಗಿದ್ದರೆ, ಎಲ್ಲಿ ಅಡಗಬೇಕೆಂದು ಇವತ್ತೇ ಗೊತ್ತುಮಾಡಿ, ಅಲ್ಲಿಗೆ ಒಮ್ಮೆ ನಡೆದು ನೋಡಿ. ಮೊದಲ ಸುದ್ದಿ ಬಂದಾಗಲೇ ಹೊರಡಿ. ಹೋಗುವಾಗ ಬೇಗ ನಡೆಯಲಾರದ ನೆರೆಯವರ ಬಾಗಿಲು ತಟ್ಟಿ, ಅವರನ್ನೂ ಕರೆದುಕೊಂಡು ಹೋಗಿ.