ಸಮಿತ್‌ಗೆ ಜ್ವರ

ಮುಂಬಯಿ ಸಮೀಪದ ಡೊಂಬಿವಲಿಯ ಒಂದು ವಸತಿ ಸೊಸೈಟಿಯ ಸಭಾಂಗಣದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಕನ್ನಡ ಮಕ್ಕಳ ಕೂಟ ನಡೆಯುತ್ತಿತ್ತು. ನಡೆಸುವವರಿಗೆ ಸಂಬಳವಿಲ್ಲ, ಮಕ್ಕಳಿಗೆ ಫೀಸಿಲ್ಲ; ಇದ್ದದ್ದು ಒಂದೇ ನಿಯಮ. ಮಗುವನ್ನು ಕಳಿಸುವ ಮನೆಯಿಂದ ಯಾರಾದರೊಬ್ಬರು ಬಂದು ಕೈಜೋಡಿಸಬೇಕು. ವಾರವಿಡೀ ಲೋಕಲ್ ಟ್ರೈನಿನಲ್ಲಿ ಜಜ್ಜಿಹೋದ ಅಪ್ಪಂದಿರು ಇದರಿಂದ ತಪ್ಪಿಸಿಕೊಳ್ಳಲು ಏನೆಲ್ಲ ನೆಪ ಹೂಡುತ್ತಿದ್ದರು! ಒಬ್ಬಳೇ ಅಜ್ಜಿಯ ಶ್ರಾದ್ಧವನ್ನು ವರ್ಷಕ್ಕೆ ಮೂರು ಸಲ ಮಾಡಿದ ಪುಣ್ಯಾತ್ಮರೂ ಇದ್ದರು.

ಜಯಲತಾ ಮಾತ್ರ ಭಾನುವಾರಕ್ಕಾಗಿ ಕಾಯುತ್ತಿದ್ದಳು. ಗಂಡ ಚೆನ್ನಯ ಠಾಣೆಯ ಹೋಟೆಲೊಂದರ ಮ್ಯಾನೇಜರು; ರಜೆಯ ದಿನವೇ ಅವನಿಗೆ ದುಡಿಮೆ ಹೆಚ್ಚು. ಮಗ ಸಮಿತ್ ಸೆರಗು ಬಿಡದ ವಯಸ್ಸಿನಲ್ಲಿ, ಅವನು ಅಳದೆ ಕೂರಲಿ ಎಂದು ಅವಳು ಕೂಟಕ್ಕೆ ಬಂದವಳು. ಚಿಕ್ಕವರಿಗೆ ಕಥೆ ಹೇಳುವ ಕೆಲಸ ಕೊಟ್ಟರು. ಊರಿನಲ್ಲಿ ಅಜ್ಜಿ ತುಳುವಿನಲ್ಲಿ ಹೇಳಿದ್ದನ್ನೆಲ್ಲ ಕನ್ನಡಕ್ಕೆ ತಂದು, ಹುಲಿಗೊಂದು ದನಿ, ನರಿಗೊಂದು ದನಿ ಕೊಟ್ಟು ಹೇಳಿದಳು. ತನ್ನೊಳಗೆ ಇಷ್ಟು ಮಾತಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಅಲ್ಲಿದ್ದಷ್ಟು ಹೊತ್ತು ಅವಳಿಗೆ ಬಹಳ ಸಂತೋಷವಾಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ?

ತೊಂಬತ್ತಾರರಲ್ಲಿ ಟಿವಿಯಲ್ಲಿ ವಿಶ್ವಕಪ್ ಬಂದದ್ದೇ ತಡ, ಸಮಿತ್ ಬ್ಯಾಟು ಹಿಡಿದ. ಕೂಟದ ಹೆಸರೆತ್ತಿದರೆ ಮುಖ ಸಿಂಡರಿಸತೊಡಗಿದ. ಜಯಲತಾಳಿಗೆ ಚಿಂತೆ ಹತ್ತಿತು. ಮಗು ಬಾರದ ಮನೆಯವರಿಗೆ ಅಲ್ಲೇನು ಕೆಲಸ? ನಿಯಮವನ್ನು ಹಾಗೆ ತಿರುಗಿಸಿ ಓದಿಕೊಂಡವಳು ಅವಳೊಬ್ಬಳೇ. ಮೊದಲು ಬಟಾಟೆ ವಡೆಯ ಆಸೆ ತೋರಿಸಿ ಮಗನನ್ನು ಎಳೆದುತಂದಳು. ವಡೆ ಹಳತಾಗಿ ಲಂಚ ಐಸ್‌ಕ್ರೀಮಿಗೇರಿತು. ಒಂದು ಭಾನುವಾರ ಅದೂ ನಡೆಯಲಿಲ್ಲ.

“ತುಲಾ ಜಾಯ್ಚಂ ಆಹೇ ನಾ, ಮಮ್ಮಿ? ತೂ ಜಾ!” ಎಂದು ಮರಾಠಿಯಲ್ಲಿ ಹೇಳಿ, ಬ್ಯಾಟು ಹೆಗಲಿಗೇರಿಸಿ ಓಡಿಬಿಟ್ಟ. ಹೋಗಬೇಕಾದ್ದು ನಿನಗೆ ತಾನೆ, ನೀನೇ ಹೋಗು ಎಂದು! ಹೆತ್ತ ಮಗ ತನ್ನ ಗುಟ್ಟನ್ನು ಇಷ್ಟು ಸಲೀಸಾಗಿ ರಟ್ಟು ಮಾಡಿದ್ದಕ್ಕೆ ಅವಳಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು.

ಹೋಗುವುದೇ ಬೇಡವೆಂದು ಅಕ್ಕಿ ಆರಿಸಲು ಕುಳಿತಳು. ಆದರೆ ಹಿಂದಿನ ವಾರದ ಕಥೆಯಲ್ಲಿ ನರಿ ಬಾವಿಯೊಳಗೇ ಉಳಿದಿತ್ತು. ಅದನ್ನು ಮೇಲೆತ್ತದೆ ಬಿಡುವುದು ಹೇಗೆ? ಸೀರೆ ಬದಲಿಸಿ ಹೊರಟೇಬಿಟ್ಟಳು.

ಕೂಟವನ್ನು ನಡೆಸುವ ರಘುಪತಿ ಚಾಪೆ ಹಾಸುತ್ತಿದ್ದರು. ವಾರವೆಲ್ಲ ಬೇಲಾಪುರದ ಕಚೇರಿಯಲ್ಲಿ ಗುಮಾಸ್ತರಾದರೂ ಭಾನುವಾರ ಅವರು ಎಲ್ಲರಿಗೂ ಮಾಸ್ತರು.

“ಸಮಿತ್ ಎಲ್ಲಿ, ಜಯಲತಕ್ಕ?”

“ಅವನಿಗೆ ಜ್ವರ ಮಾಸ್ಟ್ರೇ. ಏಳ್ಲಿಕ್ಕೇ ಆಗುದಿಲ್ಲ. ನಾನು ಇವತ್ತೊಂದು ದಿನ ಕಥೆ ಮುಗಿಸಿ ಹೋಗ್ತೇನೆ.”

ಅವಳ ಮಾತು ಮುಗಿಯುವುದಕ್ಕೂ ಕಿಟಕಿಯಾಚೆಯ ಬಯಲಿನಲ್ಲಿ “ಔಟ್! ಔಟ್ ಹೈ!” ಎಂಬ ಕೂಗೇಳುವುದಕ್ಕೂ ಸರಿಹೋಯಿತು. ಸಮಿತನ ಆ ಕೀರಲು ದನಿಯನ್ನು ಗುರುತಿಸದವರು ಕೂಟದಲ್ಲಿ ಯಾರೂ ಇರಲಿಲ್ಲ. ರಘುಪತಿ ಕಿಟಕಿಯಲ್ಲಿ ಇಣುಕಿದರು.

“ಹೌದು, ಜ್ವರ ಜೋರಾಗಿಯೇ ಉಂಟು.”

ಜಯಲತಾಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಕಣ್ಣಲ್ಲಿ ನೀರೇ ಬಂತು.

“ಅವ ಇನ್ನು ಬರುದಿಲ್ಲ ಮಾಸ್ಟ್ರೇ. ಹಾಗಾಗಿ ನಾನು ಕೂಡ...”

ರಘುಪತಿ ಚಾಪೆಯ ಇನ್ನೊಂದು ತುದಿಯನ್ನು ಅವಳ ಕೈಗಿತ್ತರು.

“ನನ್ನ ಮಗಳು ಶರ್ಮಿಳಾ ಇಲ್ಲಿಗೆ ಬರುದು ಬಿಟ್ಟು ಎಷ್ಟೋ ವರ್ಷ ಆಯ್ತು, ಗೊತ್ತುಂಟಾ ನಿಮಗೆ? ಅವಳಿಗೆ ಕೆಮ್ಮು ಅಂತ ನಾನು ಒಂದಿಡೀ ಮಳೆಗಾಲ ಹೇಳಿದ್ದೇನೆ ಮಾರಾಯ್ರೆ. ಆಮೇಲೆ ಯಾರೂ ಕೇಳ್ಲೇ ಇಲ್ಲ. ಸ್ವಲ್ಪ ಎಳೀರಿ ಅಕ್ಕ, ಮಡಿಕೆ ಬಿದ್ದಿದೆ.”

ಅವರು ಯಾರ ಅಪ್ಪ ಎಂದು ತಾನು ಈವರೆಗೆ ಯೋಚಿಸಿಯೇ ಇರಲಿಲ್ಲವೆಂಬುದು ಜಯಲತಾಳಿಗೆ ಆಗ ಹೊಳೆಯಿತು. ಅವಳು ಚಾಪೆ ಎಳೆದಳು. ಅದು ನೆಟ್ಟಗಾಗುವ ಮೊದಲೇ ಮಕ್ಕಳು ಬಂದು ಅದರ ಮೇಲೆ ಕೂತರು.

“ಅಕ್ಕ, ನರಿ ಮೇಲೆ ಬಂತಾ?”

ಸಮಿತ್ ಎಲ್ಲಿ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.