ಹದಿಮೂರನೆಯ ಸಾಲು

"ಹನ್ನೆರಡು ಸಾಲು ಅಚ್ಚಾಗಿರೋದು. ಹದಿಮೂರನೇದು ಕೈಬರಹ," ಎಂದು ಕೋರ್ಟಿನ ಸಹಾಯ ಕೌಂಟರಿನ ಹೆಂಗಸು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಹೇಳಿದಳು. "ಅವರೂ ವಕೀಲರನ್ನ ಇಟ್ಕೊಂಡಿಲ್ಲ ಅಂತ ಕಾಣುತ್ತೆ. ನಮ್ಮ ನಮೂನೇನೇ ತಗೊಂಡು ಹೋಗಿ ತುಂಬಿಸಿದಾರೆ. ಕೊನೇಲಿ ಖಾಲಿ ಜಾಗ ಇರುತ್ತಲ್ಲ, ಅಲ್ಲಿ ತಮ್ಮದೂ ಒಂದು ಸೇರಿಸಿದಾರೆ."

ಹೊಲಿಗೆಯಕ್ಕನಿಗೆ ಅದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ. ಬಲಕ್ಕೆ ವಾಲಿದ ಆ ಅಕ್ಷರಗಳ ಜೊತೆ ಆರು ವರ್ಷ ಸಂಸಾರ ಮಾಡಿದವಳು ಅವಳು. 'ಮಗುವಿನ ಎಡಗಿವಿಗೆ ಸಂಬಂಧಪಟ್ಟ ಆಸ್ಪತ್ರೆ ಕಾಗದಗಳೆಲ್ಲ. ಮೊದಲ ದಿನದಿಂದ.' ಕೊನೆಯ ಎರಡು ಪದಗಳ ಕೆಳಗೆ ಗೆರೆ ಬೇರೆ ಎಳೆದಿದ್ದ.

ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕಗಳಿಗೆ ದಾರ ಹಾಕುವವಳಾದ್ದರಿಂದ ಎಲ್ಲರ ಬಾಯಲ್ಲಿ ಅವಳು ಹೊಲಿಗೆಯಕ್ಕ. ಮಗಳಿಗೆ ಹನ್ನೊಂದು ವರ್ಷ, ಎಡಗಿವಿ ಕೇಳುವುದಿಲ್ಲ. ಈಗ ಅದಕ್ಕೊಂದು ಯಂತ್ರ ಕೂರಿಸಬಹುದು ಎಂದು ಡಾಕ್ಟರು ಹೇಳಿದ ಮೇಲೆ, ಮಗುವಿನ ಅಪ್ಪ ತಿಂಗಳು ತಿಂಗಳು ಕೊಡುವ ಜೀವನಾಂಶವನ್ನು ಹೆಚ್ಚಿಸಿ ಎಂದು ಅವಳೇ ಕೂತು ಅರ್ಜಿ ಬರೆದು ಹಾಕಿದ್ದಳು. ವಕೀಲರ ಮೆಟ್ಟಿಲು ಹತ್ತುವಷ್ಟು ಗಂಟು ಅವಳ ಬಳಿ ಇರಲಿಲ್ಲ. ಅರ್ಜಿಗೆ ಉತ್ತರವಾಗಿ ಬಂದದ್ದು ಈ ಪಟ್ಟಿ: ಮೂವತ್ತು ದಿನದೊಳಗೆ ಈ ಕಾಗದಗಳನ್ನೆಲ್ಲ ನನಗೆ ಕೊಡತಕ್ಕದ್ದು.

"ಎಲ್ಲಾನೂ ಕೊಡಲೇಬೇಕಾ ಮೇಡಂ?"

"ಕೊಡಿ ಅಂತ್ಲೂ ನಾನು ಹೇಳೋ ಹಾಗಿಲ್ಲ, ಬೇಡಿ ಅಂತ್ಲೂ ಹೇಳೋ ಹಾಗಿಲ್ಲ. ಸಲಹೆ ಕೊಟ್ರೆ ನಾಳೆ ನನ್ನ ಕುರ್ಚೀಲಿ ಬೇರೆಯವರು ಕೂತಿರ್ತಾರೆ. ಹೇಗೆ ಕೊಡೋದು ಅಂತ ಬೇಕಾದ್ರೆ ಹೇಳ್ತೀನಿ. ಪ್ರತಿ ತೆಗೆಸಿ, ಪುಟಕ್ಕೆ ನಂಬರ್ ಹಾಕಿ, ಮೇಲೊಂದು ಪಟ್ಟಿ ಇಡಿ. ನನ್ನ ಹತ್ರ ಇದ್ದದ್ದನ್ನೆಲ್ಲ ಕೊಟ್ಟಿದೀನಿ ಅಂತ ಕೆಳಗೆ ಸಹಿ ಮಾಡಿ. ಅಷ್ಟೇ." ಕನ್ನಡಕದ ಮೇಲಿನಿಂದ ನೋಡಿದಳು. "ಯಾಕೆ, ಕೊಡಬಾರದ್ದು ಏನಾದ್ರೂ ಇದ್ಯಾ?"

"ಅಯ್ಯೋ, ಏನಿರುತ್ತೆ," ಎಂದು ಹೊಲಿಗೆಯಕ್ಕ ನಕ್ಕಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಬಲಗೈ ಯಾರೂ ಹೇಳದೆಯೇ ಕೈಚೀಲದೊಳಗೆ ಹೋಗಿ ಅವಿತುಕೊಂಡಿತು.

ಆ ಆಸ್ಪತ್ರೆ ಕಡತ ಮನೆಯ ಕಬ್ಬಿಣದ ಬೀರುವಿನಲ್ಲಿ, ಚಳಿಗಾಲದ ಹೊದಿಕೆಗಳ ಅಡಿಯಲ್ಲಿತ್ತು. ಇಪ್ಪತ್ತಮೂರು ಪುಟ. ಇಪ್ಪತ್ತೆರಡರ ಬಗ್ಗೆ ಅವಳಿಗೆ ಯಾವ ಅಳುಕೂ ಇರಲಿಲ್ಲ: ಸೋಂಕು, ಔಷಧಿ, ಎರಡು ಸಲ ಆಪರೇಷನ್ನು, ಎರಡು ಸಲವೂ ಕೈಕೊಟ್ಟದ್ದು. ಇದ್ದದ್ದೆಲ್ಲ ಮೊದಲನೆಯದರಲ್ಲಿ. ಡಾಕ್ಟರರ ಅಕ್ಷರ ಯಾವನಿಗೆ ಅರ್ಥವಾಗುತ್ತದೆ ಎಂದು ಲೋಕವೇ ನಗುತ್ತದಲ್ಲ, ಆ ಡಾಕ್ಟರಮ್ಮ ಮಾತ್ರ ಶಾಲೆಯ ಹುಡುಗಿಯ ಹಾಗೆ ದುಂಡಗೆ ಬರೆದಿದ್ದಳು. 'ಮಂಗಳವಾರ. ಹೆಣ್ಣು ಮಗು, ನಾಲ್ಕು ವರ್ಷ. ತಾಯಿಯ ಹೇಳಿಕೆ: ಇಂದು ಬೆಳಿಗ್ಗೆ ತಾನು ಕೆನ್ನೆಗೆ ಹೊಡೆದ ಮೇಲೆ ಕಿವಿಯಿಂದ ರಕ್ತ. ಕಿವಿತಮಟೆ ಹರಿದಿದೆ.'

ಒಂದೇ ಒಂದು ಏಟು. ಮಗುವಿನ ಅಪ್ಪ ಲಿಫ್ಟ್ ರಿಪೇರಿಯವನು. ಭಾನುವಾರ ಜಗಳವಾಡಿಕೊಂಡು ಪರವೂರಿನ ಕೆಲಸಕ್ಕೆ ಹೋಗಿದ್ದ. ಮಂಗಳವಾರ ಬೆಳಿಗ್ಗೆ ಅವಳು ಇಸ್ತ್ರಿ ಹಾಕುತ್ತಿದ್ದಾಗ ಮಗು ಕಾಲಿಗೆ ತೊಡರಿಕೊಂಡು ಅಪ್ಪ ಯಾವಾಗ ಬರ್ತಾರೆ, ಅಪ್ಪ ಯಾವಾಗ ಬರ್ತಾರೆ ಎಂದು ನಲವತ್ತು ಸಲ ಕೇಳಿತು. ನಲವತ್ತೊಂದನೆಯ ಸಲಕ್ಕೆ ಕೈ ಎದ್ದಿತು. ಆಸ್ಪತ್ರೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮರುದಿನ ಅವನು ಓಡಿ ಬಂದಾಗ ಆ ನಾಲಿಗೆಯೇ ಹೊರಳಿತು. ಭಾನುವಾರ ಅವನು ಹತ್ತಿ ಕಡ್ಡಿಯಿಂದ ಮಗುವಿನ ಕಿವಿ ಒರೆಸಿದ್ದ, ಮಗು ಅತ್ತಿತ್ತು. "ಎಲ್ಲಾ ನಿಮ್ಮ ಕಡ್ಡಿಯಿಂದಾನೇ ಆಗಿದ್ದು," ಎಂದಳು. ಅವನು ನಂಬಿದ. ಒಂದು ವರ್ಷ ಮನೆಯಲ್ಲೇ ಪರಕೀಯನ ಹಾಗೆ ಓಡಾಡಿದ, ಆಮೇಲೆ ಹೊರಟುಹೋದ. ಹಣ ಕೊಡುವುದನ್ನು ಮಾತ್ರ ಒಂದು ತಿಂಗಳೂ ತಪ್ಪಿಸಲಿಲ್ಲ.

ಏಳು ವರ್ಷದಿಂದ ಅವಳಿಗೆ ಆ ಏಟಿನ ಸದ್ದು ಬಿಟ್ಟಿಲ್ಲ. ಬೈಂಡಿಂಗ್ ಅಂಗಡಿಯಲ್ಲಿ ಕಾಗದದ ಕಟ್ಟನ್ನು ಮೇಜಿಗೆ ತಟ್ಟಿ ಅಂಚು ಸಮ ಮಾಡುತ್ತಾರೆ, ದಿನಕ್ಕೆ ನೂರು ಸಲ. ಪ್ರತಿ ಸಲವೂ ಅವಳ ಸೂಜಿ ನಿಲ್ಲುತ್ತದೆ. ತನ್ನ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿಕೊಂಡಿದ್ದಾಳೆ; ಕಾಗದಕ್ಕೆ ಪೆಟ್ಟಾಗದಿರಲಿ ಅಂತ ಎನ್ನುತ್ತಾಳೆ. ಕಾಗದಕ್ಕೆ ಯಾವ ಪೆಟ್ಟು?

ಈಗ ಇವನು ಮೊದಲ ದಿನದಿಂದ ಎಂದು ಗೆರೆ ಎಳೆದು ಕೇಳುತ್ತಿದ್ದಾನೆ. ಯಾರೋ ಹೇಳಿರಬೇಕು. ಇವನಿಗೆ ಗೊತ್ತಾಗಿರಬೇಕು. ಕಾಗದ ಕೈಗೆ ಸಿಕ್ಕರೆ ನ್ಯಾಯಾಧೀಶರ ಮುಂದಿಟ್ಟು, ಮಗೂನ ಕಿವುಡಿ ಮಾಡಿದವಳ ಹತ್ತಿರವೇ ಮಗು ಇರಬೇಕಾ ಸ್ವಾಮಿ ಎಂದು ಕೇಳಿದರೆ? ಯಂತ್ರ ಹಾಳಾಗಿ ಹೋಗಲಿ, ಮಗಳೇ ಕೈತಪ್ಪಿ ಹೋಗುತ್ತಾಳಲ್ಲ. ಅನ್ನ ತಟ್ಟೆಯಲ್ಲೇ ಆರಿತು.

ಕಳ್ಳತನಕ್ಕೂ ಕಸುಬು ಬೇಕು, ಅವಳ ಬಳಿ ಅದಿತ್ತು. ಆಸ್ಪತ್ರೆಯವರು ಪ್ರತಿ ಹಾಳೆಯ ಬುಡದಲ್ಲಿ ಇಪ್ಪತ್ತಮೂರರಲ್ಲಿ ಇಷ್ಟನೆಯದು ಎಂದು ಮುದ್ರೆ ಒತ್ತಿದ್ದರು. ಶನಿವಾರ ಊಟದ ಹೊತ್ತಿಗೆ ಅಂಗಡಿ ಖಾಲಿಯಾದಾಗ ಅವಳು ಮೊದಲ ಪುಟದ ಪ್ರತಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಉಳಿದ ಇಪ್ಪತ್ತೆರಡನ್ನು ಕಟಿಂಗ್ ಮಷಿನ್ನಿಗೆ ಕೊಟ್ಟು ಬುಡದ ಅಂಚನ್ನು ಒಂದು ಬೆರಳಗಲ ಹಾರಿಸಿದಳು. ಮುದ್ರೆಗಳೆಲ್ಲ ಒಂದು ಪಟ್ಟಿಯಾಗಿ ಕೆಳಗೆ ಬಿದ್ದವು. ಇನ್ನು ಹೊಸದಾಗಿ ಒಂದರಿಂದ ನಂಬರ್ ಒತ್ತಿದರೆ ಮುಗಿಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಕೆಲಸದ ಅಚ್ಚುಕಟ್ಟಿಗೆ ಒಂದು ಗಳಿಗೆ ಅವಳಿಗೇ ಖುಷಿಯಾಯಿತು, ನಾಚಿಕೆಗೇಡು.

ಅಂಟು ಕಾಯಿಸುವ ಮುದುಕ, ಎಲ್ಲರೂ ಅಂಟಜ್ಜ ಎನ್ನುತ್ತಿದ್ದವನು, ಹಲ್ಲು ಚುಚ್ಚಿಕೊಳ್ಳುತ್ತಾ ಒಳಬಂದ. ಕಟ್ಟಿನ ಮೇಲೆ ಹೆಬ್ಬೆರಳಾಡಿಸಿದ.

"ಏನಮ್ಮಾ ತಾಯಿ, ಕಾಗದ ಯಾಕೆ ಗಿಡ್ಡ ಆಗಿದೆ? ನೀರಿಗೆ ಹಾಕಿದ್ಯಾ?"

"ಅಂಚು ಹರಿದಿತ್ತು ಅಜ್ಜ."

"ಎಲ್ಲಾ ಹಾಳೇದೂ ಒಂದೇ ಕಡೆ? ಭಾರೀ ಒಗ್ಗಟ್ಟು ಬಿಡು," ಎಂದು ನಕ್ಕ. ಮುಂದೆ ಕೇಳಲಿಲ್ಲ. ಐವತ್ತು ವರ್ಷ ಇನ್ನೊಬ್ಬರ ಪುಸ್ತಕ ಕಟ್ಟಿದವನಿಗೆ ಯಾವುದನ್ನು ಓದಬಾರದು ಎಂದು ಗೊತ್ತಿತ್ತು.

ಎರಡು ವಾರಕ್ಕೊಂದು ಭಾನುವಾರ ಮಗುವಿನ ಅಪ್ಪ ಬಂದು ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದ. ಗೇಟಿನ ಹತ್ತಿರ ಕರೆದೊಯ್ದು, ಗೇಟಿನ ಹತ್ತಿರ ಬಿಟ್ಟು ಹೋಗುವುದು, ಒಳಗೆ ಕಾಲಿಟ್ಟವನಲ್ಲ. ಈ ಭಾನುವಾರವೂ ಮಧ್ಯಾಹ್ನ ಬಿಟ್ಟುಹೋದ. ಮಗಳನ್ನು ಗಿಲಕಿ ಎಂದು ಕರೆಯುತ್ತಿದ್ದರು, ಅಷ್ಟು ಮಾತು. ಅವಳು ಕೈಕಾಲು ತೊಳೆದವಳೇ ಅಮ್ಮ ಅಂಗಡಿಯಿಂದ ತಂದಿದ್ದ ನಂಬರಿಂಗ್ ಮಷಿನ್ನನ್ನು ನೋಡಿ, "ನಾನು ಒತ್ತುತೀನಿ, ನಾನು ಒತ್ತುತೀನಿ," ಎಂದು ಕಿತ್ತುಕೊಂಡಳು. ಒಂದು ಸಲ ಒತ್ತಿದರೆ ಒಂದು, ಇನ್ನೊಂದು ಸಲಕ್ಕೆ ತಾನೇ ಎರಡು. ಹೊಲಿಗೆಯಕ್ಕ ಹಾಳೆ ಮುಂದಿಡುತ್ತಾ ಹೋದಳು, ಗಿಲಕಿ ಒತ್ತುತ್ತಾ ಹೋದಳು.

"ಅಮ್ಮ, ಇವತ್ತು ಅಪ್ಪ ಅತ್ರು," ಎಂದಳು, ಏಳನೆಯ ಹಾಳೆಗೆ.

"ಯಾಕೆ?"

"ನಾನು ಚಿಕ್ಕವಳಿದ್ದಾಗ ಕಡ್ಡಿ ಹಾಕಿ ಕಿವಿ ಒರೆಸಿದ್ರಂತೆ. ಜಾಸ್ತಿ ಒಳಗೆ ಹೋಗ್ಬಿಡ್ತಂತೆ. 'ನಿನ್ನ ಕಿವಿ ಹಾಳು ಮಾಡಿದ್ದು ನಾನೇ ಕಂದ, ನನ್ನ ಕ್ಷಮಿಸ್ತೀಯಾ' ಅಂತ ಬೆಂಚ್ ಮೇಲೆ ಕೂತು ಒಂದೇ ಸಮ ಅಳೋದು. ಎಲ್ರೂ ನೋಡ್ತಿದ್ರು ಅಮ್ಮ. ನಂಗೆ ಎಲ್ಲಾದ್ರೂ ಓಡಿಹೋಗೋಣ ಅನ್ನಿಸ್ತು."

ಹಾಳೆ ಮುಂದಿಡಬೇಕಾದ ಕೈ ಮೇಜಿನ ಮೇಲೆಯೇ ಉಳಿಯಿತು. "ನೀನೇನಂದೆ?"

"ಪರವಾಗಿಲ್ಲ ಬಿಡಿ ಅಂದೆ. ಬೇಕು ಅಂತ ಮಾಡಿಲ್ವಲ್ಲ, ಪಾಪ. ಕ್ಷಮಿಸಿದೀನಿ ಅಂತ ಮೂರು ಸಲ ಹೇಳಿಸ್ಕೊಂಡ್ರು." ಗಿಲಕಿ ತಾನೇ ಹಾಳೆ ಎಳೆದುಕೊಂಡು ಒತ್ತಿದಳು. "ಈ ಕಾಗದ ಎಲ್ಲ ಕೇಳಿರೋದೂ ಅದಕ್ಕೇ ಅಂತೆ. ಕಡ್ಡಿ ಎಷ್ಟು ಆಳಕ್ಕೆ ಹೋಗಿತ್ತು ಅಂತ ಡಾಕ್ಟ್ರು ಬರೆದಿರ್ತಾರಲ್ಲ, ಅದನ್ನ ಒಂದ್ಸಲ ನೋಡ್ಬೇಕಂತೆ."

ಹೊಲಿಗೆಯಕ್ಕ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ಅಳು ಬರಲಿಲ್ಲ. ಬಂದದ್ದು ಹೊಟ್ಟೆಕಿಚ್ಚು, ದೇವರೇ ಬಲ್ಲ. ಏಳು ವರ್ಷ ತಾನು ಯಾವ ಮಾತಿಗಾಗಿ ಒಳಗೊಳಗೇ ಬಾಯಿ ಬಿಟ್ಟುಕೊಂಡು ಕೂತಿದ್ದಳೋ ಆ ಮಾತನ್ನು ಮಗಳು ತನ್ನ ಪುಟ್ಟ ಬಾಯಿಂದ ಮೂರು ಸಲ ಹೇಳಿದ್ದಾಳೆ, ಹೇಳಿದ್ದು ಅವನಿಗೆ. ತಪ್ಪೇ ಮಾಡದವನಿಗೆ. ತನ್ನ ಪಾಲಿನ ಕ್ಷಮೆ ಇನ್ನೊಬ್ಬರ ಮನೆಗೆ ಹೋಗಿ ಖರ್ಚಾಗಿತ್ತು. ಥೂ, ಏನು ಹೆಂಗಸು ನಾನು, ಎಂದುಕೊಂಡಳು. ತನ್ನ ಸುಳ್ಳನ್ನು ಹೊತ್ತುಕೊಂಡು ಒಬ್ಬ ಮನುಷ್ಯ ಪಾರ್ಕಿನಲ್ಲಿ ಜನರ ಮುಂದೆ ಅತ್ತಿದ್ದಾನೆ, ತಾನು ಕ್ಷಮೆಯ ಲೆಕ್ಕ ಹಾಕುತ್ತಿದ್ದಾಳೆ. ನೀರು ಬಕೆಟ್ಟು ತುಂಬಿ ಹೊರಚೆಲ್ಲಿ ಕಾಲು ತೊಯ್ದ ಮೇಲೆ ನಲ್ಲಿ ನಿಲ್ಲಿಸಿದಳು.

ಗಿಲಕಿ ಆಡಲು ಹೊರಗೆ ಹೋದ ಮೇಲೆ ಅವಳು ಮೊದಲ ಪುಟವನ್ನು ತಂದು ಕಟ್ಟಿನ ಮೇಲಿಟ್ಟಳು. ಅದೊಂದು ಉದ್ದ, ಉಳಿದವೆಲ್ಲ ಗಿಡ್ಡ. ಬುಡದಲ್ಲಿ ಬೆರಳಗಲ ನಾಲಿಗೆ ಚಾಚಿದ ಹಾಗೆ ಕಾಣುತ್ತಿತ್ತು. ಇನ್ನೊಂದು ಸಲ ಎಲ್ಲದರ ಪ್ರತಿ ತೆಗೆಸಿ ಸಮ ಮಾಡಬಹುದಿತ್ತು. ಮಾಡಲಿಲ್ಲ. ಹಾಗೆಯೇ ಮೂಲೆಗೆ ದಾರ ಹಾಕಿ ಗಂಟು ಹಾಕಿದಳು.

ಸೋಮವಾರ ಶಾಲೆಗೆ ರಜೆ. ಮಗಳನ್ನು ಕೋರ್ಟಿನ ಉದ್ದ ಓಣಿಯ ಕೊನೆಯ ಬೆಂಚಿನಲ್ಲಿ ಕಥೆಪುಸ್ತಕ ಕೊಟ್ಟು ಕೂರಿಸಿ ಅವಳು ಕೌಂಟರಿಗೆ ಬಂದಳು. ಅವನು ಕೆಲಸದ ಬಟ್ಟೆಯಲ್ಲೇ ಬಂದಿದ್ದ, ತೋಳಿನ ತುದಿಯಲ್ಲಿ ಗ್ರೀಸಿನ ಕಪ್ಪು. ಕನ್ನಡಕದ ಹೆಂಗಸು ಕಟ್ಟುಗಳನ್ನು ಅವನ ಮುಂದೆ ತಳ್ಳಿ, "ಎಣಿಸ್ಕೊಂಡು ರಸೀದಿಗೆ ಸಹಿ ಹಾಕಿ," ಎಂದಳು. ಸಂಬಳದ ಚೀಟಿ, ಬಾಡಿಗೆ ಚೀಟಿ, ಶಾಲೆಯ ರಸೀದಿ ಯಾವುದನ್ನೂ ಅವನು ನೋಡಲಿಲ್ಲ. ಸೀದಾ ಆ ಕಟ್ಟಿಗೇ ಕೈ ಹಾಕಿದ.

"ಇದೊಂದು ಯಾಕೆ ಉದ್ದ ಇದೆ?"

"ತೆಗೆದುಬಿಡೋಣ ಅಂತ ಮಾಡಿದ್ದೆ," ಎಂದಳು. "ಓದಿ."

ಅವನು ಕಿಟಕಿಯ ಬೆಳಕಿಗೆ ಸರಿದು ಓದಿದ. ಓದುವಾಗ ತುಟಿ ಅಲ್ಲಾಡಿಸುವ ಅಭ್ಯಾಸ ಅವನಿಗೆ ಮೊದಲಿಂದ. ತುಟಿ ಒಂದು ಕಡೆ ನಿಂತಿತು, ಮತ್ತೆ ಮೇಲಿನಿಂದ ಶುರುವಾಯಿತು, ಮತ್ತೆ ಅಲ್ಲಿಯೇ ನಿಂತಿತು.

"ಮಂಗಳವಾರ," ಎಂದ. "ನಾನು ಕಡ್ಡಿ ಹಾಕಿದ್ದು ಭಾನುವಾರ."

"ಹೂಂ."

"ಕಡ್ಡಿ ಮಾತೇ ಇಲ್ಲ ಇದರಲ್ಲಿ."

"ಇಲ್ಲ."

ಅವನು ಕೂಗಾಡಲಿ ಎಂದು ಅವಳು ಕಾದಳು. ನಾಲ್ಕು ಜನರ ಮುಂದೆ ಕೆನ್ನೆಗೆ ಬಾರಿಸಿದ್ದರೂ ತಿಂದುಕೊಂಡು ನಿಲ್ಲುತ್ತಿದ್ದಳು. ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಬೇರೆ ಯಾರದೋ ಕೈ ಎಂಬಂತೆ.

"ಅವಳನ್ನ ಮಡಿಲಲ್ಲಿ ಕೂರಿಸ್ಕೊಂಡು ಏಳು ವರ್ಷ ಆಯ್ತು ಕಣೇ," ಎಂದ. "ನನ್ನ ಕೈ ತಾಗಿದ್ರೆ ಇನ್ನೇನು ಕೆಡುತ್ತೋ ಅಂತ."

"ಒಳಗೆ ಜಡ್ಜ್ ಮುಂದೆ ಏನು ಬೇಕಾದ್ರೂ ಹೇಳಿ. ನಾನು ಇಲ್ಲ ಅನ್ನಲ್ಲ," ಎಂದಳು. "ಆದ್ರೆ ಅವಳನ್ನ ನನ್ನಿಂದ..."

ಅವನು ಓಣಿಯ ಕೊನೆಯ ಬೆಂಚಿನ ಕಡೆ ನೋಡಿದ. "ಅವಳಿಗೆ ಗೊತ್ತಾ?" ಎಂದ.

"ಇಲ್ಲ."

"ನಿನ್ನೆ ನಾನು ಅವಳ ಹತ್ರ ಕ್ಷಮೆ ಕೇಳಿದೆ. ಕೊಟ್ಳು." ಕಾಗದವನ್ನು ಕೌಂಟರಿನ ಮೇಲಿಟ್ಟ. "ಅದನ್ನ ಇಟ್ಕೊಂಡು ಈಗ ನಾನೇನು ಮಾಡಲಿ?"

ಕನ್ನಡಕದ ಹೆಂಗಸು ಒಳಗಿನಿಂದ, "ಸಹಿ ಹಾಕಿ ಸ್ವಾಮಿ, ಹಿಂದೆ ಜನ ಇದಾರೆ," ಎಂದಳು. ಅವನು ಬಗ್ಗಿ ಸಹಿ ಹಾಕಿದ, ಬಲಕ್ಕೆ ವಾಲಿದ ಅದೇ ಸಹಿ.

"ಹೋಗು," ಎಂದ, ಮುಖ ಎತ್ತದೆ. "ಹೇಳು ಅವಳಿಗೆ. ನಾನು ಇಲ್ಲೇ ನಿಂತಿರ್ತೀನಿ."

ಓಣಿ ಬಹಳ ಉದ್ದವಾಗಿತ್ತು, ಜನರ ಗದ್ದಲ ಬೇರೆ. ಗಿಲಕಿ ಕಾಲು ಮಡಚಿಕೊಂಡು ಓದುತ್ತಿದ್ದಳು. ಹೊಲಿಗೆಯಕ್ಕ ಪಕ್ಕದಲ್ಲಿ ಕೂತಳು, ಕೈಚೀಲವನ್ನು ಮಡಿಲಿಗೆ ಒತ್ತಿಕೊಂಡಳು, ಎದುರು ಗೋಡೆ ನೋಡುತ್ತಾ ಶುರು ಮಾಡಿದಳು. ಅಪ್ಪ ನಿನ್ನೆ ಹೇಳಿದ್ದು ನಿಜ ಅಲ್ಲ ಪುಟ್ಟಿ ಎಂದಳು. ಇಸ್ತ್ರಿ ಎಂದಳು, ಮಂಗಳವಾರ ಎಂದಳು, ನನ್ನ ಕೈ ಎಂದಳು. ದನಿ ಒಡೆದು ಚೂರಾಗುತ್ತಿದ್ದರೂ ನಿಲ್ಲಿಸದೆ ಕೊನೆಯ ತನಕ ಹೇಳಿದಳು. ಹೇಳಿ ಮುಗಿಸಿ, ಉಸಿರು ಹಿಡಿದುಕೊಂಡು ಮಗಳ ಕಡೆ ತಿರುಗಿದಳು.

ಗಿಲಕಿ ಪುಟ ಮಗುಚಿದಳು. ಅಮ್ಮನ ಮುಖ ಕಂಡದ್ದು ಆಗ. ಪುಸ್ತಕದೊಳಗೆ ಬೆರಳಿಟ್ಟು ಮುಚ್ಚಿ, ಬೆಂಚಿನ ಆಚೆಯ ಖಾಲಿ ಜಾಗವನ್ನು ಅಂಗೈಯಿಂದ ತಟ್ಟಿದಳು.

"ಏನಾದ್ರೂ ಹೇಳಿದ್ಯಾ ಅಮ್ಮ? ಈ ಕಡೆ ಬಂದು ಕೂತ್ಕೋ," ಎಂದಳು. "ಆ ಕಡೆ ಕೇಳ್ಸಲ್ಲ ನಂಗೆ."