ಬ್ರಾಮ್‌ನ ಹಿಂಗಾಲು

ಪಶುವೈದ್ಯೆ ಕುದುರೆಯ ಹಿಂಗಾಲನ್ನು ಮೆಲ್ಲಗೆ ಎತ್ತಿದಳು. ಮೊಣಕಾಲು ಮಡಿಚಿಕೊಂಡಿತು, ಹಿಮ್ಮಡಿಯ ಕೀಲು ಮಡಿಚಿಕೊಳ್ಳಲಿಲ್ಲ. ಕಾಲಿನ ಕೆಳಭಾಗ ಸಡಿಲವಾಗಿ ಜೋತಾಡಿತು. ಪಕ್ಕದಲ್ಲೇ ನಿಂತಿದ್ದ ಗಾನವಿ ಅದನ್ನು ನೋಡಿದಳು.

ಕುದುರೆಯ ಹಿಂಗಾಲಿನಲ್ಲಿ ಆ ಎರಡು ಕೀಲುಗಳು ಒಟ್ಟಿಗೇ ಮಡಿಚಿಕೊಳ್ಳಬೇಕು. ನೋಡಿದವರು ಹಿಂದಕ್ಕೆ ಬಾಗಿದ ಮೊಣಕಾಲು ಅಂದುಕೊಳ್ಳುವುದು ಅದರ ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಪಕ್ಕದಲ್ಲಿ ಅಡಗಿರುತ್ತದೆ. ಇದನ್ನೇ ಅಧ್ಯಯನ ಮಾಡಲೆಂದು ಮೈಸೂರಿನಿಂದ ಹೊರದೇಶದ ಎನ್ಸ್‌ಕೆಡೆ ಎಂಬ ಊರಿಗೆ ಬಂದವಳು ಗಾನವಿ. ಊರಾಚೆ ಮರೈಕೆ ಎಂಬ ಮುದುಕಿಯ ಲಾಯದಲ್ಲಿ, ಬ್ರಾಮ್‌ನ ಕಾಲಿಗೆ ಸೆನ್ಸರ್ ಕಟ್ಟಿ ನಡೆಸುವುದು ಅವಳ ಸಂಶೋಧನೆ. ಆಳೆತ್ತರದ ಕಪ್ಪು ಕುದುರೆ, ಸ್ವಭಾವದಲ್ಲಿ ಮಾತ್ರ ಹಸು.

ಅಂದು ಆಯುಧಪೂಜೆ. ಸೆನ್ಸರು, ಲ್ಯಾಪ್‌ಟಾಪುಗಳಿಗೆ ಕುಂಕುಮ ಇಟ್ಟದ್ದಾಯಿತು. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ಜೊತೆಯಲ್ಲಿ ಓದುವ ಬೆಂಗಳೂರಿನ ಆಕರ್ಷ್, ಬೂದುಗುಂಬಳ ಸಿಗದೆ ಸೂಪರ್‌ಮಾರ್ಕೆಟ್ಟಿನಿಂದ ಸೀಗುಂಬಳ ಹೊತ್ತು ತಂದಿದ್ದ. ಬ್ರಾಮ್‌ಗೆ ನಿವಾಳಿಸಿ ಲಾಯದ ಬಾಗಿಲ ಮುಂದಿನ ಇಟ್ಟಿಗೆ ನೆಲದ ಮೇಲೆ ಒಡೆದರು. ಮರೈಕೆ ನಗುತ್ತಾ ಫೋಟೋ ತೆಗೆದಳು.

ಗಾನವಿ ಪೊರಕೆ ಎತ್ತಿಕೊಂಡರೆ ಆಕರ್ಷ್ ಬಿಡಲಿಲ್ಲ. "ಏಯ್, ಈಗ್ಲೇ ಗುಡಿಸ್ತಾರೇನೇ? ತೆಗೆದಿರೋ ದೃಷ್ಟಿ ವಾಪಸ್ ಬರುತ್ತೆ. ಆಮೇಲೆ ಕ್ಲೀನ್ ಮಾಡೋಣ ಬಿಡು."

ಅವಳ ಅಮ್ಮನೂ ಹಾಗೇ ಹೇಳುತ್ತಿದ್ದಳು. ಸರಿ ಎಂದು ಇಬ್ಬರೂ ಟೀ ಕುಡಿಯಲು ಒಳಗೆ ಹೋದರು. ಅಷ್ಟರಲ್ಲಿ ಮರೈಕೆ ಎಂದಿನಂತೆ ಬ್ರಾಮ್‌ನನ್ನು ಹೊರಗೆ ಕರೆತಂದಳು. ಹೋಳುಗಳನ್ನು ತಪ್ಪಿಸಲೆಂದು ಪಕ್ಕಕ್ಕೆ ತಿರುಗಿಸಿದ್ದೇ ತಡ, ತಿರುಳಿನ ಮೇಲೆ ಗೊರಸು ಜಾರಿತು. ಗೊರಸು ಇಟ್ಟಿಗೆಯ ಮೇಲೆ ಉಜ್ಜಿಕೊಂಡು ಹಿಂಗಾಲು ಹಿಂದಕ್ಕೆ ಎಳೆದುಹೋದ ಸದ್ದು ಒಳಗಿನವರಿಗೂ ಕೇಳಿಸಿತು.

ಈಗ ಗಾನವಿ ಬೇಡುತ್ತಿದ್ದದ್ದು ಒಂದೇ: ಬರೀ ಸ್ನಾಯು ಹರಿದಿರಲಿ, ದೇವರೇ. ಆ ಎರಡು ಕೀಲುಗಳನ್ನು ಹಿಡಿದಿರುವ ಸ್ನಾಯು ಹರಿದರೂ ಕಾಲು ಹೀಗೇ ಜೋತಾಡುತ್ತದೆ. ಕೆಲವು ತಿಂಗಳು ಕಟ್ಟಿಹಾಕಿದರೆ ವಾಸಿಯಾಗುತ್ತದೆ. ಮೂಳೆ ಹೋಗಿದ್ದರೆ ಮಾತ್ರ ಮುಗಿಯಿತು; ಅಷ್ಟು ಭಾರದ ಪ್ರಾಣಿಯನ್ನು ಉಳಿಸುವ ದಾರಿ ಯಾರ ಬಳಿಯೂ ಇಲ್ಲ.

ಪಶುವೈದ್ಯೆ ಎಕ್ಸ್‌ರೇ ತೆರೆಯನ್ನು ಅವಳ ಕಡೆಗೆ ತಿರುಗಿಸಿದಳು. ವಿವರಿಸುವ ಅಗತ್ಯವಿರಲಿಲ್ಲ. ಮೊಣಕಾಲಿನಿಂದ ಹಿಮ್ಮಡಿಗೆ ಇಳಿಯುವ ದಪ್ಪ ಮೂಳೆ ಎರಡಾಗಿ, ತುದಿಗಳು ಒಂದನ್ನೊಂದು ದಾಟಿ ಸರಿದಿದ್ದವು.

"ನಾನೇ ಕಣೇ ಗುಡಿಸ್ಬೇಡ ಅಂದಿದ್ದು," ಎಂದ ಆಕರ್ಷ್.

"ಪೊರಕೆ ನನ್ನ ಕೈಲಿತ್ತು."

ಗಾನವಿ ಮರೈಕೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಮುದುಕಿ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬ್ರಾಮ್‌ನ ಹಗ್ಗವನ್ನು ಅವಳ ಕೈಗಿಟ್ಟಳು.

"ನನ್ನ ಕೈಲಾಗಲ್ಲ. ಅವನು ನಿನ್ನ ಮಾತು ಕೇಳ್ತಾನೆ. ನೀನೇ ಹಿಡ್ಕೋ."

ನೋವು ಮುಗಿಸುವ ಕೊನೆಯ ಸೂಜಿ ಕತ್ತಿನ ಬಳಿ ಬಂದಾಗ ಬ್ರಾಮ್ ಬೆದರಿ ತಲೆ ಕೊಡವಿದ.

"ನಿಂತ್ಕೋ ಬಂಗಾರ," ಎಂದಳು ಗಾನವಿ, ಕನ್ನಡದಲ್ಲೇ. "ನಿಂತ್ಕೋ."

ಬ್ರಾಮ್ ಕಿವಿಗಳನ್ನು ಅವಳತ್ತ ತಿರುಗಿಸಿದ. ಮೂರು ಕಾಲುಗಳ ಮೇಲೆ, ಅಲುಗಾಡದೆ, ನಿಂತುಕೊಂಡ.